ಗಂಟಲಲ್ಲಿ ಎಲುಬು ಇರಲಿಲ್ಲ

ನವೆಂಬರ್ 11, ಸೋಮವಾರ. ನಸುಕಿನ 3.10

ಬೊಗಳುವ ಸದ್ದಿಗೆ ಎಚ್ಚರ. ಯಾರ ಮನೆಯ ನಾಯಿಯೋ ಅಂದುಕೊಂಡೆ. ಒಡಕು ದನಿ... ಬೊಗಳಲು ಹೋಗಿ ನಡುವೆಯೇ ಊಳಾಗಿ ಮುರಿದು ಬೀಳುತ್ತಿತ್ತು. ಕಿಟಕಿ ತೆರೆದರೆ ನಮ್ಮ ಗುಂಡ್ಯಾನೇ. ಹಿತ್ತಲಲ್ಲಿ, ನೀರಿನ ಡ್ರಮ್ಮಿನ ಹಿಂದೆ, ಗೋಡೆಗೆ ಮುಖ ಮಾಡಿ ಕೂತಿದ್ದಾನೆ. ಗೋಡೆಗೇ ಬೊಗಳುತ್ತಿದ್ದಾನೆ. ಹೆಸರು ಹಿಡಿದು ಕರೆದೆ. ತಿರುಗಲಿಲ್ಲ.

ಇವರದು ಮಿಲ್ಲಿನಲ್ಲಿ ನೈಟ್ ಶಿಫ್ಟ್. ಕೂಸು 1.40ಕ್ಕೊಮ್ಮೆ ಕುಡಿಯಿತು, ಈಗ ಮತ್ತೆ. ಎಡಮಗ್ಗುಲು.

ಈ ನೋಟ್‌ಬುಕ್ ತೆಗೆದದ್ದು ಕೂಸಿನ ಹಾಲಿನ ಹೊತ್ತು ಬರೆಯಲು. ಮೂರು ತಿಂಗಳಲ್ಲಿ ಅರ್ಧದಷ್ಟು ಪುಟಗಳು ಗುಂಡ್ಯಾನ ಪಾಲಾಗಿವೆ. ಆಗಸ್ಟ್ ಕೊನೆಗೆ ಮೈತುಂಬ ಉಣ್ಣೆಹುಳ — ಚಿಮುಟದಲ್ಲಿ ಮೂವತ್ತೊಂದು ಕಿತ್ತೆ. ಆಮೇಲೆ ಜಂತಿನ ಗುಳಿಗೆ. ಅಕ್ಟೋಬರಿನಲ್ಲಿ ಎಡಗಿವಿ, ತಲೆ ಕೊಡವುತ್ತಿದ್ದ, ಒಳಗೆ ಕೆಟ್ಟ ವಾಸನೆ, ಏಳು ದಿನ ಡ್ರಾಪ್ಸ್. ಎಲ್ಲ ವಾಸಿಯಾಯಿತು. ಇದೂ ಹಾಗೇ ಏನೋ ಒಂದು. ಗಂಟಲು ನೋವಿರಬೇಕು.

ಬೆಳಿಗ್ಗೆ 6.30

ತುಟಿ ಎತ್ತಿ ಒಸಡು ನೋಡಿದೆ. ಗುಲಾಬಿ. ಬಿಳಿಚಿಲ್ಲ, ಹಾಗಾಗಿ ಉಣ್ಣೆ ಜ್ವರ ಅಲ್ಲ ಅನಿಸುತ್ತದೆ. ಹೊಟ್ಟೆ ಉಬ್ಬಿಲ್ಲ. ಬೆನ್ನ ಚರ್ಮ ಹಿಡಿದೆತ್ತಿ ಬಿಟ್ಟರೆ ನಿಧಾನ ಕೂರುತ್ತದೆ. ಮೈಯಲ್ಲಿ ನೀರು ಕಡಿಮೆ. ಬಟ್ಟಲಿಗೆ ಬಾಗುತ್ತಾನೆ, ನಾಲಿಗೆ ಚಾಚುತ್ತಾನೆ, ನೀರು ಮಾತ್ರ ಒಳಗೆ ಹೋಗುವುದಿಲ್ಲ. ವಿಚಿತ್ರ. ನೆನಪಿಟ್ಟು ಡಾಕ್ಟರಿಗೆ ಹೇಳಬೇಕು.

11 ಗಂಟೆ

ರುಕ್ಮಾ ಬಂದು ಕೂಸಿಗೆ ಎರೆದು ಹೋದಳು. ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕುತ್ತ ಅದರ ಕೂಡ ಅವಳದು ದಿನದ ಹರಟೆ.

"ಏನ್ ಸಾಹೇಬ್ರ, ನಿಮ್ದೂ ನೈಟ್ ಶಿಫ್ಟ್ ಏನು? ಅಪ್ಪ ಮಿಲ್ಲಿನ್ಯಾಗ, ನೀವು ಮನ್ಯಾಗ. ಅವ್ವಗ ಯಾವಾಗ ರಜಾ ಕೊಡೋರು?"

ಇಡೀ ದಿನದಲ್ಲಿ ನಾನು ನಗುವುದು ಆ ಅರ್ಧ ಗಂಟೆ. ತಾಯಿ ಇಲ್ಲದ ನನಗೆ ಬಾಣಂತನ ಇಲ್ಲಿ ದಾಂಡೇಲಿಯ ಕ್ವಾರ್ಟರ್ಸಿನಲ್ಲೇ ಆಯಿತು. ಅತ್ತೆ ಸುಶೀಲವ್ವ ಧಾರವಾಡದಿಂದ ಬಂದು ನಿಂತರು. ಎರೆಯಲು ಗೊತ್ತು ಮಾಡಿದ್ದು ರುಕ್ಮಾಳನ್ನು. ಕುಂಬಾರವಾಡದ ಆಚೆಯ ಸಿದ್ದಿ ಹೆಂಗಸು, ಇಲ್ಲಿ ಅಕ್ಕನ ಬಾಡಿಗೆ ಖೋಲಿಯಲ್ಲಿದ್ದಾಳೆ.

ಗುಂಡ್ಯಾ ಉಣ್ಣುತ್ತಿಲ್ಲ ಅಂದೆ. ಅತ್ತೆ ರೊಟ್ಟಿ ಬಡಿಯುತ್ತಲೇ, "ಮುನಿಸು ಅದಕ್ಕ. ಕೂಸು ಬಂದ ಮ್ಯಾಲ ಯಾರೂ ಮಾತಾಡ್ಸೂದಿಲ್ಲಂತ. ಮಂದಿ ಸೊಸ್ತ್ಯಾರು ತವರಿಂದ ಬಂಗಾರ ತರ್ತಾರ. ನಮ್ಮಾಕಿ ಇಂದೂರಿಂದ ನಾಯಿ ತಂದಾಳ. ಅದರ ಮುನಿಸು ಬ್ಯಾರೆ ನೋಡ್ಬೇಕು."

ರುಕ್ಮಾ ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತು ಬಂದಳು. ಮೆಲ್ಲಗೆ ಅಂದಳು, "ಮುನಿಸಲ್ಲಕ್ಕಾ. ನಮ್ಮ ಕಡಿ ತಿರಗತೈತಿ, ಆದ್ರ ನಮ್ಮನ್ನ ನೋಡೂದಿಲ್ಲ."

ನಿದ್ದೆಗಣ್ಣು. ತಲೆಗೆ ಹೋಗಲಿಲ್ಲ.

ನವೆಂಬರ್ 12, ಮಂಗಳವಾರ. ಮಧ್ಯಾಹ್ನ 2

ಕೈಯಲ್ಲಿ ಇನ್ನೂ ಆ ಜೊಲ್ಲಿನ ವಾಸನೆ. ಮೂರು ಸಲ ತೊಳೆದೆ.

ಬೆಳಿಗ್ಗೆ ಗುಂಡ್ಯಾನ ಕೆಳದವಡೆ ಜೋತುಬಿದ್ದಿತ್ತು. ಬಾಯಿ ಮುಚ್ಚಲು ಬರುತ್ತಿಲ್ಲ. ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಫೋಟೋ ತೆಗೆದು ಪಶು ಆಸ್ಪತ್ರೆಯ ಡಾಕ್ಟರಿಗೆ ವಾಟ್ಸಾಪ್ ಮಾಡಿದೆ. ಫೋನ್ ಎತ್ತಲಿಲ್ಲ — ಹಳ್ಳಿಗೆ ಹೋಗಿದ್ದಾರೆ, ದನಗಳ ಲಸಿಕೆ ಕ್ಯಾಂಪ್. ಇವರು ಶಿಫ್ಟ್ ಮುಗಿಸಿ ಮಲಗಿದ್ದರು. ಎಬ್ಬಿಸಿದರೆ, "ಎದ್ದ ಮ್ಯಾಲ ನೋಡೂಣು. ನಾಯಿ ಐತಿ, ಮಂತ್ರಿ ಅಲ್ಲ."

ಅತ್ತೆ ನೋಡಿದ್ದೇ ತೀರ್ಪು ಕೊಟ್ಟರು. "ಎಲುಬು ಸಿಕ್ಕೊಂಡೈತಿ! ರವಿವಾರ ಈಕಿ ಕೋಳಿ ಎಲುಬು ಒಗದದ್ದು ನಾ ಕಣ್ಣಾರೆ ನೋಡೇನಿ. ಲಿಂಗ ಕಟ್ಟಿದವರ ಅಂಗಳದಾಗ ಎಲುಬು!"

ರುಕ್ಮಾ ನನ್ನ ಮುಖ ನೋಡಿದಳು.

ಎಲುಬು ತಂದು ಹಾಕು ಅಂದವಳು ನಾನು. ರೊಟ್ಟಿ, ಹಾಲಿನಲ್ಲೇ ಬಡಕಲಾಗಿದ್ದಾನೆ, ನಿಮ್ಮಲ್ಲಿ ಮಾಡಿದಾಗ ಒಂದು ತುಂಡು ತಾರೇ ಅಂತ ನಾನೇ ಹೇಳಿದ್ದು. ಅದನ್ನು ಹೇಳಲು ಎರಡು ಮಾತು ಸಾಕಿತ್ತು. ಹೇಳಲಿಲ್ಲ. ಕೂಸಿನ ದುಪ್ಪಟಿ ಸರಿ ಮಾಡಿದೆ.

ಅವಳೂ ಹೇಳಲಿಲ್ಲ. ಅದು ಇನ್ನೂ ಸುಡುತ್ತದೆ.

"ನೀ ಹಾಕಿದಿ, ನೀನ ತಗೀ," ಅಂದರು ಅತ್ತೆ.

ನಾನು ಮೊಬೈಲ್ ಟಾರ್ಚ್ ಹಿಡಿದೆ. ರುಕ್ಮಾ ಗುಂಡ್ಯಾನ ತಲೆಯನ್ನು ತೊಡೆಗಳ ನಡುವೆ ಇಟ್ಟುಕೊಂಡು, "ಸ್ವಲ್ಪ ತಡಿಯಪಾ, ತಡಿ," ಅನ್ನುತ್ತ ಬಲಗೈ ಒಳಗೆ ಹಾಕಿದಳು. ದಿನಾ ಬಿಸಿನೀರು, ಸೀಗೆಪುಡಿ... ಅವಳ ಬೆರಳೆಲ್ಲ ಬಿರುಕು. ಟಾರ್ಚಿನ ಬೆಳಕಿನಲ್ಲಿ ಬಿರುಕು ಒಂದೊಂದೂ ಕಾಣುತ್ತಿತ್ತು.

"ಏನೂ ಇಲ್ಲಕ್ಕಾ."

"ಇನ್ನೂ ಒಳಗ ಇರ್ತೈತಿ. ಸರೀತ್ನಾಗಿ ನೋಡು," ಅತ್ತೆ.

ಮತ್ತೆ ಹಾಕಿದಳು. ಹಲ್ಲು ತಾಗಿ ಗೆಣ್ಣು ತರಚಿತು. ಎಲುಬು ಇರಲಿಲ್ಲ. ಅತ್ತೆ ಅರಿಶಿಣದ ಡಬ್ಬಿ ದೂರದಿಂದ ಚಾಚಿದರು. ಮತ್ತು ಅದೇ ಉಸಿರಿನಲ್ಲಿ: "ನಾಳಿಂದ ಬರಬ್ಯಾಡ ನೀ. ಎರಿಯೂದು ನಾ ಮಾಡ್ಕೋತೇನಿ."

ರುಕ್ಮಾ ನಲ್ಲಿಯಲ್ಲಿ ಕೈ ತೊಳೆದಳು. ಬರೀ ನೀರು. ಸೋಪು ನಾನು ಕೊಡಲಿಲ್ಲ. "ಹೆಂಗೂ ಊರಾಗ ಭತ್ತದ ಕೊಯ್ಲು ಬಂದೈತಿ," ಅಂದಳು, ಯಾರಿಗೂ ಅಲ್ಲದ ಹಾಗೆ. ಹೋಗುವಾಗ ಕೂಸಿನ ಅಂಗಾಲನ್ನು ಎಡಗೈಯಿಂದ ಮುಟ್ಟಿದಳು. ಬಲಗೈ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಸಂಜೆ 4.20

ಡಾಕ್ಟರ್ ಉತ್ತರ ಈಗ ಬಂತು. "ಯಾರೂ ಬಾಯಿಗೆ ಕೈ ಹಾಕಬೇಡಿ. ಕಟ್ಟಿಹಾಕಿ ದೂರ ಇರಿ. ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ."

ಓದಿದೆ. ಮತ್ತೆ ಓದಿದೆ. ಬಿ.ಎಸ್ಸಿ. ಪ್ರಾಣಿಶಾಸ್ತ್ರ ನಾನು. ಜೋತುಬಿದ್ದ ದವಡೆ, ನುಂಗಲಾಗದ ನೀರು, ಬದಲಾದ ದನಿ, ಕತ್ತಲಿನ ಮೂಲೆ. ಹತ್ತು ಅಂಕದ ಪ್ರಶ್ನೆಗೆ ಒಂಬತ್ತು ತಗೊಂಡಿದ್ದೆ.

ನವೆಂಬರ್ 13, ಬುಧವಾರ

ಡಾಕ್ಟರ್ ಹಿತ್ತಲ ಬಾಗಿಲಲ್ಲೇ ನಿಂತು ನೋಡಿದರು. ಒಳಗೆ ಬರಲಿಲ್ಲ. ಗುಂಡ್ಯಾ ಏಳಲು ಹೋಗಿ ಹಿಂಗಾಲು ಎಳೆದುಕೊಂಡು ಬಿದ್ದ.

"ಎರಡ್ ಮೂರು ತಿಂಗಳದಾಗ ಏನಾದ್ರೂ ಕಡದಿತ್ತೇನ್ರಿ?"

ಸೆಪ್ಟೆಂಬರ್ 18. ಟಿಂಬರ್ ಡಿಪೋ ಕಡೆಯಿಂದ ಬಂದ ನರಿ. ಹಿಂಗಾಲಿಗೆ ಸಣ್ಣ ಗಾಯ. ಅತ್ತೆ ಅರಿಶಿಣ ಒತ್ತಿದ್ದರು. ಮಾರನೇ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಇವರು ಗುಂಡ್ಯಾನನ್ನು ಇಂಜೆಕ್ಷನ್‌ಗೆ ಒಯ್ದರು. ಹಾಕಿಸಿದೆ ಅಂದರು."

ಡಾಕ್ಟರ್ ಕಾರ್ಡ್ ಕೇಳಿದರು. ಕೊನೆಯ ರೇಬೀಸ್ ಲಸಿಕೆ ಹೋದ ವರ್ಷ ಜುಲೈ. ಅದರ ಕೆಳಗೆ ಖಾಲಿ ಮನೆಗಳು.

ಇವರನ್ನು ನೋಡಿದೆ. ಇವರು ಕಾರ್ಡ್ ನೋಡಿದರು.

"ಅವತ್ತ ಗದ್ಲ ಭಾಳ ಇತ್ತು. ನಾಳೆ ಹೋದ್ರಾತು ಅಂತ ವಾಪಸ್ ಬಂದೆ. ಗಾಯ ಮಾಯ್ತಲ..."

"ಗಾಯ ಮಾಯೂದಕ್ಕೂ ಇದಕ್ಕೂ ಸಂಬಂಧ ಇಲ್ರಿ," ಅಂದರು ಡಾಕ್ಟರ್. "ಲಕ್ಷಣ ಎಲ್ಲಾ ಅದ. ಪರೀಕ್ಷೆಗೆ ಕಾಯಬ್ಯಾಡ್ರಿ. ನಾಳೆನ ಸರ್ಕಾರಿ ದವಾಖಾನಿಗೆ ಹೋಗಿ ಸೂಜಿ ಶುರು ಮಾಡ್ರಿ. ಯಾರ್ಯಾರಿಗೆ ಜೊಲ್ಲು ತಾಗೇತಿ?"

"ನಾವ ಮೂರು ಮಂದಿ," ಅಂದರು ಇವರು. ಬಾಗಿಲ ಹಿಂದಿನಿಂದ ಅತ್ತೆ, "ಹೂಂನ್ರಿ, ಮೂರ ಮಂದಿ. ಕೂಸು ದೂರನ ಇತ್ತು."

ನನ್ನ ಬಾಯಲ್ಲಿ ನಾಲ್ಕನೆಯ ಹೆಸರು ಇತ್ತು. ಕೂಸು ಅತ್ತಿತು. ಒಳಗೆ ಹೋದೆ. ಹೊರಗೆ ಬಂದಾಗ ಡಾಕ್ಟರ್ ಬೈಕ್ ಹೋಗಿತ್ತು. ಕೂಸಿನ ನೆಪ ಎಷ್ಟು ಸಲೀಸು.

ನವೆಂಬರ್ 14

ಗುಂಡ್ಯಾ ಹೋದ. ಬೆಳಗಿನ ಐದಕ್ಕೆ ಸದ್ದು ನಿಂತಿತು.

ನಗರಸಭೆಯವರು ಗ್ಲೌಸ್ ಹಾಕಿಕೊಂಡು ಒಯ್ದರು. ಹಿತ್ತಲಿಗೆ ಬ್ಲೀಚ್ ಸುರಿದು ಡ್ರಮ್ ಸರಿಸಿದೆ. ಹಿಂದೆ ಕೋಳಿಯ ಎಲುಬು. ಇಡಿಯಾಗಿ. ಒಂದು ಹಲ್ಲಿನ ಗುರುತೂ ಇಲ್ಲ. ಭಾನುವಾರವೇ ಅವನಿಗೆ ನುಂಗಲು ಆಗುತ್ತಿರಲಿಲ್ಲ.

ಅತ್ತೆಗೆ ತೋರಿಸಿದೆ. "ಒಗಿ ಅದನ್ನ, ಮೈಲಿಗಿ," ಅಂದರು.

ದವಾಖಾನೆಯಲ್ಲಿ ಮೊದಲ ಸೂಜಿ. ಮೂರು ಚೀಟಿ, ಮೂರು ಹೆಸರು.

ನವೆಂಬರ್ 17, ಭಾನುವಾರ

ಎರಡನೇ ಸೂಜಿ. ತೋಳು ನೋವು.

ರುಕ್ಮಾಳ ಫೋನ್: ವ್ಯಾಪ್ತಿ ಪ್ರದೇಶದ ಹೊರಗೆ. ಇವತ್ತು ಹದಿನಾಲ್ಕು ಸಲ. ಸಂಜೆ ಕೂಸನ್ನು ಎತ್ತಿಕೊಂಡು ಅವಳ ಅಕ್ಕನ ಖೋಲಿಗೆ ಹೋದೆ. ಬೀಗ. ಪಕ್ಕದ ಮನೆಯಾಕೆ, "ಇಬ್ಬರೂ ಕೊಯ್ಲಿಗೆ ಹೋದ್ರು. ಬರೂದು ಅಮಾಸಿ ಮುಗದ ಮ್ಯಾಲ." ಕುಂಬಾರವಾಡದಿಂದ ಎಷ್ಟು ದೂರ ಅಂದರೆ, "ಬಸ್ ಇಳದು ಕಾಡಾಗ ಒಂದ್ ತಾಸು. ಫೋನ್ ಹತ್ತೂದಿಲ್ಲ ಅಲ್ಲಿ. ಗುಡ್ಡ ಹತ್ತಿದ್ರ ಒಂದ್ ಕಡ್ಡಿ ಬರ್ತೈತಿ."

ರಾತ್ರಿ ಇವರಿಗೆ ಹೇಳಿದೆ, ಹೋಗಿ ಕರಕೊಂಡು ಬರೂಣು ಅಂತ.

"ಹುಚ್ಚಿದ್ದಿ ಏನ್? ಊರ ತುಂಬ ಆಗ್ತೈತಿ. ಇಲ್ಲಿ ಕ್ವಾರ್ಟರ್ಸ್ ಮಂದಿ ಆಗಲೇ ನಮ್ಮ ನಲ್ಲಿ ಮುಟ್ಟೂದಿಲ್ಲ. ಆಕಿಗೇನ ಆಗೂದಿಲ್ಲ ಬಿಡು. ಕಾಡಿನ ಮಂದಿ, ಗಟ್ಟಿ ಇರ್ತಾರ."

"ಗಟ್ಟಿ ಇದ್ರ ಸಾಕಂದ್ರ ನಿಮಗ ಸೂಜಿ ಯಾಕ? ನೀವೇನು ಮೆತ್ತಗಿದ್ದೀರೇನು?"

ಆ ಕಡೆ ತಿರುಗಿ ಮಲಗಿದರು. ಐದು ನಿಮಿಷಕ್ಕೆ ಗೊರಕೆ. ಈ ಮನೆಯಲ್ಲಿ ನಿದ್ದೆ ಎಲ್ಲರಿಗೂ ಬರುತ್ತದೆ.

ನವೆಂಬರ್ 21, ಗುರುವಾರ

ಮೂರನೇ ಸೂಜಿ. ಇವರು ಬೈಕ್ ತೆಗೆಯಲು ಹೋದಾಗ ದವಾಖಾನೆಯ ಡಾಕ್ಟರನ್ನು ಕೇಳಿದೆ. ಒಬ್ಬರು ಹುಚ್ಚುನಾಯಿ ಬಾಯಿಗೆ ಕೈ ಹಾಕಿದ್ದಾರೆ, ಬೆರಳು ಬಿರುಕು ಬಿಟ್ಟಿತ್ತು, ಒಂಬತ್ತು ದಿನ ಆಯ್ತು, ಇನ್ನೂ ಏನೂ ಮಾಡಿಲ್ಲ ಅಂತ.

ಅವರು ಪೆನ್ ಕೆಳಗಿಟ್ಟರು. "ತಡ ಆತು ಅಂತ ಬಿಡಬಾರ್ದು. ಇನ್ನೂ ಉಳಸ್ಕೋಬಹುದು. ಸೂಜಿ ಬೇಕು, ಸೀರಮ್ಮೂ ಬೇಕು. ಆದ್ರ ಲಕ್ಷಣ ಶುರು ಆದ ಮ್ಯಾಲ ನಮ್ಮ ಕಡೆ ಏನೂ ಇಲ್ಲಮ್ಮಾ. ಯಾರವರು?"

ಹೇಳಿದೆ. ಮೊದಲ ಸಲ, ಗಟ್ಟಿಯಾಗಿ. ಅವರು ಹೆಸರು, ಊರು ಬರೆದುಕೊಂಡರು. ಅಲ್ಲಿಯ ಆಶಾ ಕಾರ್ಯಕರ್ತೆಗೆ ಹೇಳಿಸುತ್ತೇನೆ, ನೀವೂ ಕಾಯುತ್ತ ಕೂಡಬೇಡಿ ಅಂದರು. ಬಾಗಿಲಲ್ಲಿ ಇವರು ನಿಂತಿದ್ದರು. ಮನೆಗೆ ಬಂದವರೇ ತಾಯಿಗೆ ಹೇಳಿದರು. ಅತ್ತೆ: "ಗಂಡನ ಮಾನ ದವಾಖಾನ್ಯಾಗ ಹರಾಜ್ ಹಾಕಿ ಬಂದ್ಲು."

ಹಾಕಿದೆ. ಒಂಬತ್ತು ದಿನ ತಡವಾಗಿ.

ನವೆಂಬರ್ 22, ಶುಕ್ರವಾರ. ಮಧ್ಯಾಹ್ನ 3.35

ಆಶಾ ಕಾರ್ಯಕರ್ತೆಗೂ ಫೋನ್ ಹತ್ತಿಲ್ಲವಂತೆ. ಕುಂಬಾರವಾಡದ ವಸ್ತಿ ಬಸ್ 4.30ಕ್ಕೆ. ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಆರಕ್ಕೆ ವಾಪಸ್ ಹೊರಡುತ್ತದೆ. ಗೇಟಿನ ಆಟೋ ಇಮ್ರಾನನಿಗೆ ಕಂಡಕ್ಟರ್ ಪರಿಚಯ. "ಚೀಟಿ ಕೊಡ್ರಿ ಭಾಬಿ, ರಾತ್ರಿನ ಆಕಿ ಮನಿಗೆ ಮುಟ್ಟಸೋಹಂಗ ಮಾಡ್ತೇನಿ," ಅಂದಿದ್ದಾನೆ. ಹೊರಗೆ ಕಾಯುತ್ತಿದ್ದಾನೆ. ಮೊದಲು ಇಲ್ಲಿ ಬರೆದು, ಆಮೇಲೆ ಬಿಳಿ ಹಾಳೆಗೆ. ರುಕ್ಮಾ ಐದನೇ ಇಯತ್ತೆವರೆಗೆ ಕಲಿತವಳು. ದೊಡ್ಡ ಅಕ್ಷರ. ಅವಳ ಜೊತೆ ಮಾತಾಡುವ ಹಾಗೆಯೇ.

ರುಕ್ಮಾ,

ನಾ ಸ್ವಪ್ನಾ. ನೀ ಎರಿಯಾಕ ಬರ್ತಿದ್ದೆಲ್ಲ, ಆ ಕೂಸಿನ ಅವ್ವ. ಇದನ್ನ ನೀ ಓದು, ಇಲ್ಲಾ ಯಾರ ಕಡಿಂದರ ಓದಿಸು. ಯಾರ ಓದಿದ್ರೂ ನಿಲ್ಲಿಸಬ್ಯಾಡ್ರಿ, ಪೂರಾ ಓದ್ರಿ.

ಗುಂಡ್ಯಾಗ ಹುಚ್ಚುನಾಯಿ ರೋಗ ಇತ್ತು. ಸತ್ತ. ಅದರ ಜೊಲ್ಲು ನಿನ್ನ ಬೆರಳಿನ ಬಿರುಕಿಗೆ ತಾಗೇತಿ. ನಾವು ಮೂರೂ ಮಂದಿ ಸೂಜಿ ಮಾಡಿಸ್ಕೊಂಡೇವಿ. ನಿನಗ ಹೇಳಲಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕ ನನ್ನ ಬೈ, ಆದ್ರ ಬಂದು ಬೈ.

ನಿನಗ ಈಗ ಏನೂ ಆಗಿರದಿದ್ರೂ ಸೂಜಿ ಬೇಕು. ಗಾಯ ಮಾಯ್ದಿದ್ರೂ ಬೇಕು. ಇನ್ನೂ ಹೊತ್ತೈತಿ ಅಂತ ಡಾಕ್ಟರ್ ಹೇಳ್ಯಾರ. ಮದ್ದು, ಅಂತ್ರ, ಮತ್ತೊಂದು ಅಂತ ಒಂದು ದಿನಾನೂ ಕಳೀಬ್ಯಾಡ.

ಎಲುಬು ಸಿಕ್ಕಿತು ರುಕ್ಮಾ. ಡ್ರಮ್ಮಿನ ಹಿಂದ ಇತ್ತು. ಗುಂಡ್ಯಾ ಅದನ್ನ ತಿಂದಿರಲಿಲ್ಲ. ನಿನ್ನ ತಪ್ಪು ಏನೂ ಇಲ್ಲ. ತಂದು ಹಾಕು ಅಂದಾಕಿ ನಾನು ಅಂತ ನಮ್ಮ ಅತ್ತೆವ್ರಿಗೆ ಇವತ್ತ ಹೇಳೇನಿ.

ಈಗ ಕೇಳು. ಇವತ್ತ ರಾತ್ರಿ ಗುಡ್ಡ ಹತ್ತಿ ನನಗ ಫೋನ್ ಮಾಡು. ನೀ ಬೆಳಗಿನ ಬಸ್ಸಿಗೆ ಬರ್ತೇನಿ ಅಂದ್ರ ನಾ ಸ್ಟ್ಯಾಂಡಿನ್ಯಾಗ ನಿಂತಿರ್ತೇನಿ, ದವಾಖಾನಿಗೆ ಕೂಡೇ ಹೋಗೂಣು. ಫೋನ್ ಬರಲಿಲ್ಲಂದ್ರ ಕೂಸು ಕಟ್ಕೊಂಡು ನಾನ ಮೊದಲ್ನೇ ಬಸ್ ಹತ್ತತೇನಿ. ನೀ ಈ ಕಡಿ, ನಾ ಆ ಕಡಿ, ಘಾಟಿನ್ಯಾಗ ಎದುರು ಬದುರು ದಾಟಿ ಹೋಗಬಾರ್ದು. ಅದಕ್ಕ ಬೆಳಗಾಗೂದ್ರೊಳಗ ಮಾಡು. ಒಬ್ಬಾಕಿ ಹೋಗಬ್ಯಾಡ, ಅಕ್ಕನ್ನ ಕರ್ಕೊಂಡು ಹೋಗು. ಹನ್ನೆರಡಾಗ್ಲಿ, ಮೂರಾಗ್ಲಿ, ಕೂಸು ಎದ್ದೀತು ಅಂತ ಅನ್ಕೋಬ್ಯಾಡ. ಒಂದ ರಿಂಗಿಗೆ ಎತ್ತತೇನಿ. ನಿನಗ ಗೊತ್ತೈತಲ್ಲ, ನಾ ಹೆಂಗೂ ಎಚ್ಚರನ ಇರ್ತೇನಿ.