ಫಿಯೋರ್ಡಿನ ಹೊಸ್ತಿಲು

ಓಲ್ಡ್ ಬ್ರಿಡ್ಜ್, ಜೂನ್ ೧೭

ಪ್ರೀತಿಯ ಚಿಕ್ಕಮ್ಮ,

ಅತ್ತೆ ಒಪ್ಪಿಬಿಟ್ಟರು, ಆಷಾಢವಿಡೀ ನಾನು ಹಿಕ್ಸ್‌ವಿಲ್‌ನಲ್ಲಿ ನಿಮ್ಮ ಮನೆಯಲ್ಲೇ ಇರುತ್ತೇನೆ! ಮದುವೆಯಾದ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಅವರೇ ಕ್ಯಾಲೆಂಡರ್ ನೋಡಿ ಹೇಳಿದರು. ನಾನು ಮುಖ ಸಪ್ಪೆ ಮಾಡಿಕೊಂಡು ತಲೆಯಾಡಿಸಿದೆ.

ಇಲ್ಲಿ ಎಲ್ಲರೂ ತುಂಬಾ ಒಳ್ಳೆಯವರು. ನಿಶ್ಚಲ್ ದಿನವೂ ಹೂ ತರುತ್ತಾರೆ. ಒಬ್ಬಳೇ ಹೊರಗೆ ಹೋಗುವುದು ಮಾತ್ರ ಬೇಡವಂತೆ. ಪಾಸ್‌ಪೋರ್ಟ್ ಮಾವನ ಬೀರುವಿನಲ್ಲಿದೆ. ನನ್ನ ಮೆಸೇಜುಗಳನ್ನು ಅತ್ತೆಯೂ ಓದುತ್ತಾರೆ, ಅದಕ್ಕೇ ಈ ಕಾಗದ.

ನಾನು ಓದಿದ ಫಿಯೋರ್ಡ್ ನೆನಪಿದೆಯಾ, ಬೆಟ್ಟಗಳ ನಡುವೆ ಒಳಬಂದ ಆಳವಾದ ಕಡಲು? ಮೇಲಿನ ಸಿಹಿನೀರು ಸಲೀಸಾಗಿ ಹೊರಗೆ ಹರಿಯುತ್ತದೆ. ತಳದ ಉಪ್ಪುನೀರು ಫಿಯೋರ್ಡಿನ ಬಾಯಲ್ಲಿ ಹೊಸ್ತಿಲಿನಂತಿರುವ ದಿಣ್ಣೆಯ ಹಿಂದೆ ಸಿಕ್ಕಿಬಿದ್ದು, ದಿನಗಳೆದಂತೆ ಅದರಲ್ಲಿನ ಆಮ್ಲಜನಕ ಮುಗಿಯುತ್ತದೆ. ಎಂದಾದರೂ ಹೊರಗಿನ ಭಾರವಾದ ನೀರು ದಿಣ್ಣೆ ದಾಟಿ ತಳಕ್ಕಿಳಿದರೆ ಹಳೆಯ ನೀರು ಮೇಲೇಳುತ್ತದೆ. ಊಟದ ಹೊತ್ತಿನಲ್ಲಿ ಇದನ್ನು ವಿವರಿಸಿದೆ. "ನೀರು ಬೆರೆಯೋದು ನೋಡೋಕೆ ಪಿಎಚ್‌ಡಿ ಯಾಕಮ್ಮಾ, ಹುಳಿ ತಿರುವು ಸಾಕು" ಎಂದರು ಅತ್ತೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಿಮ್ಮ ಲಾಂಗ್ ಐಲೆಂಡಿನಲ್ಲೇ ಇರುವ ಪ್ರೊಫೆಸರೊಬ್ಬರು ಪಿಎಚ್‌ಡಿ ಇಂಟರ್‌ವ್ಯೂಗೆ ಜೂನ್ ೨೭ಕ್ಕೆ ಕರೆದಿದ್ದಾರೆ. ಇಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ಮೇಲ್‌ನಲ್ಲಿರುವ ನನ್ನ ಮಾರ್ಕ್ಸ್ ಕಾರ್ಡುಗಳನ್ನು ಪ್ರಿಂಟ್ ತೆಗೆದಿಡಿ. ಅತ್ತೆ ಫೋನ್ ಮಾಡಿದರೆ ಆಷಾಢದ ಮಾತಷ್ಟೇ ಆಡಿ. ಶ್ರಾವಣದ ಮೊದಲ ದಿನವೇ ಕರೆದೊಯ್ಯಲು ಬರುತ್ತಾರಂತೆ. ಬಂದಾಗ ನೀವು ನನ್ನ ಪಕ್ಕದಲ್ಲೇ ನಿಂತಿರಬೇಕು.

ನಿಶ್ಚಲ್ ಪೆನ್ ಸ್ಟೇಷನ್‌ವರೆಗೆ ಬಂದು ಹತ್ತಿಸುತ್ತಾರೆ. ಗುರುವಾರ, ಜೂನ್ ೨೬, ಬೆಳಿಗ್ಗೆ ೧೦.೧೪ರ ಟ್ರೈನ್.

ನಿಮ್ಮ ಮೇದಿನಿ