ನಾಟಿ ಗಿಡಕ್ಕೆ ಕೆಂಪು ಬಟ್ಟೆ

ಸೋಸಲೆ
9 ಜುಲೈ 2024, ಮಂಗಳವಾರ

ಪ್ರೀತಿಯ ಅಮ್ಮನಿಗೆ ಕೋಮಲಳ ನಮಸ್ಕಾರ.

ಫೋನಿರುವಾಗ ಕಾಗದ ಯಾಕೆ ಎಂದು ಗಾಬರಿಯಾಗಬೇಡ. ನನ್ನ ಫೋನು ರೇಷ್ಮೆಹುಳು ಮನೆಯ ಮೊಳೆಗೆ ನೇತಾಡುತ್ತಿರುತ್ತದೆ. ಕೈತುಂಬ ಸೊಪ್ಪಿರುವುದರಿಂದ ಸ್ಪೀಕರಿನಲ್ಲೇ ಮಾತು. ಎಲ್ಲರೂ ಕೇಳುವಾಗ ನಿನ್ನ ಮೊಣಕಾಲು ನೋವು ಬಿಟ್ಟು ಇನ್ನೇನು ವಿಚಾರಿಸಲಿ?

ಮೊದಲ ತಪ್ಪು ನಿನ್ನದೇ. ನನ್ನನ್ನು ನೋಡಲು ಬಂದ ದಿನ, "ನಮ್ ಕೋಮಲ ಕಣ್ಮುಚ್ಕೊಂಡು ಇಪ್ಪುನೇರಳೆ ಎಲೆ ಮುಟ್ಟಿ ಯಾವ ತಳಿ ಅಂತ ಏಳ್ತಾಳೆ" ಎಂದು ಬೀಗಿದೆಯಲ್ಲ, ಅತ್ತೆ ಪುಟ್ಟಬಸಮ್ಮ ಆಗಲೇ ಒಪ್ಪಿಬಿಟ್ಟರು. ಮೂರು ವರ್ಷವಾಯಿತು, ನಾನು ಈ ಹುಳು ಮನೆ ಬಿಟ್ಟು ಹೊರಗೆ ಬಂದಿಲ್ಲ.

ಅತ್ತೆ ಕೆಟ್ಟವರಲ್ಲ. ಬೈಯುವವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬಿ.ಎಡ್. ಪರೀಕ್ಷೆಗೆ ನಿನ್ನ ಬಳಿ ನಂಜನಗೂಡಿಗೆ ಹೋಗಬೇಕೆಂದಾಗಲೆಲ್ಲ, "ಉಳ ಜ್ವರದಿಂದ ಏಳ್ಲಿ, ಓಗಿವಂತೆ ಕಣವ್ವ" ಎನ್ನುತ್ತಾರೆ. ಹುಳುಗಳು ಪೊರೆ ಬಿಡಲು ಮಲಗುವ ಆ ಜ್ವರವೋ ನಾಲ್ಕು ಸಲ ಬರುತ್ತದೆ. ಅದೆಲ್ಲ ಮುಗಿದು ಗೂಡು ಕಟ್ಟುವಷ್ಟರಲ್ಲಿ ಮುಂದಿನ ಮರಿಹುಳುಗಳು ಬಂದಿರುತ್ತವೆ. ಹೋದ ವರ್ಷದ ಪರೀಕ್ಷೆ ಹಾಗೇ ತಪ್ಪಿತು. ಈ ಹದಿನೆಂಟರದ್ದು ಕೊನೆಯ ಅವಕಾಶ.

ಈಗ ನನ್ನ ತಪ್ಪು ಹೇಳುತ್ತೇನೆ, ಬೈಯಬೇಡ. ಹೋದ ವರ್ಷ ನಿನ್ನ ಅಳಿಯ ಹೊಸ ತೋಟದಲ್ಲಿ ನೆಡಲು, ಹೆಚ್ಚು ಸೊಪ್ಪು ಬಿಡುವ ವಿ-ಒನ್ ತಳಿ ಎಂದು ಕಡ್ಡಿ ತಂದರು. ಕಡ್ಡಿಗಳಲ್ಲಿ ಉಳಿದಿದ್ದ ಎಲೆ ಮುಟ್ಟಿದ ಕೂಡಲೇ ಗೊತ್ತಾಯಿತು, ಅರ್ಧಕ್ಕರ್ಧ ನಾಟಿ, ಕಡಿಮೆ ಸೊಪ್ಪಿನ ಹಳೆಯ ತಳಿ. ಆದರೂ ಎಲ್ಲ ಸರಿಯಿದೆ ಎಂದೆ. ಸೊಪ್ಪು ಕಡಿಮೆಯಾದರೆ ಹುಳು ಕಡಿಮೆ ಸಾಕುತ್ತಾರೆ, ನನಗೆ ಬಿಡುವು ಸಿಗುತ್ತದೆ ಎಂಬ ಆಸೆ. ಆದದ್ದೇ ಬೇರೆ. ಗಿಡ ಚಿಗುರಿದ ಮೇಲೆ ಬೆರಕೆಯೆಂದು ಎಲ್ಲರಿಗೂ ತಿಳಿಯಿತು, ಯಾವುದು ಯಾವುದೆಂದು ತಿಳಿಯಲಿಲ್ಲ. ಇವರು ಸೀಳೆಲೆ ಇದ್ದರೆ ನಾಟಿ ಎಂದು ಹುಡುಕುತ್ತಾರೆ. ಅದೇ ಗಿಡದಲ್ಲಿ ಸೀಳಿಲ್ಲದ ಎಲೆಯೂ ಇರುತ್ತದಲ್ಲ, ಅಲ್ಲಿ ಮೋಸ ಹೋಗುತ್ತಾರೆ. ವಿ-ಒನ್ ಎಲೆಯ ದಪ್ಪ, ನುಣುಪು ಹೆಬ್ಬೆರಳಿಗೇ ಗೊತ್ತಾಗಬೇಕು. ಬೆರಕೆ ಸೊಪ್ಪು ತಿಂದ ಮರಿಹುಳುಗಳು ಒಂದೇ ಸಮನಾಗಿ ಬೆಳೆಯುವುದಿಲ್ಲ. ತಪ್ಪಿಸಿಕೊಳ್ಳಲು ಹೇಳಿದ ಸುಳ್ಳೇ ನನ್ನನ್ನು ಕಟ್ಟಿಹಾಕಿತು. ಈಗ ಪ್ರತಿ ಬುಟ್ಟಿ ಸೊಪ್ಪನ್ನೂ ನಾನೇ ಆರಿಸಿ ಕೊಡಬೇಕು.

ಇವತ್ತು ಸಂಜೆ ಹಳೆಯ ಕೆಂಪು ಸೀರೆ ಹರಿದು ಒಂದೊಂದು ನಾಟಿ ಗಿಡಕ್ಕೂ ಒಂದೊಂದು ಚೂರು ಕಟ್ಟುತ್ತೇನೆ. ಆಮೇಲೆ ಯಾರು ಬೇಕಾದರೂ ಸೊಪ್ಪು ಬಿಡಿಸಬಹುದು. ಇಷ್ಟು ದಿನ ಯಾಕೆ ಕಟ್ಟಲಿಲ್ಲ ಎಂದು ಕೇಳಿದರೆ ಆ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ಭಯವಾಗುತ್ತಿದೆ ಅಮ್ಮ. ಆದರೂ ಬರುತ್ತೇನೆ, ನನ್ನ ಪುಸ್ತಕಗಳನ್ನು ಅಟ್ಟದಿಂದ ಇಳಿಸಿಡು.

ನಿನ್ನ ಮಗಳು,
ಕೋಮಲ

ಮತ್ತೆ ಬುಧವಾರ ಬೆಳಿಗ್ಗೆ ಬರೆಯುತ್ತಿದ್ದೇನೆ: ನಿನ್ನೆ ಬಟ್ಟೆ ಕಟ್ಟುತ್ತಿದ್ದಾಗ ಅತ್ತೆ ಬಂದುಬಿಟ್ಟರು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ನಾನು ಬಿಟ್ಟುಹೋಗಿದ್ದ ಎರಡು ಗಿಡಗಳ ಎಲೆ ಸವರಿ, "ಇವೂ ನಾಟಿನೇ ಕಣವ್ವ" ಎಂದು ತಾವೇ ಕಟ್ಟಿದರು. ಅವರಿಗೆ ಮೊದಲಿನಿಂದಲೂ ಎಲೆ ಗೊತ್ತಿತ್ತು ಅಮ್ಮ! ಇಪ್ಪತ್ತೈದು ವರ್ಷ ಆ ಹುಳು ಮನೆಯಲ್ಲಿ ಕಳೆದವರು, ಗೊತ್ತೆಂದರೆ ಮತ್ತೆ ತಾವೇ ಕೂರಬೇಕಲ್ಲ ಎಂದು ಬಾಯಿ ಬಿಟ್ಟಿರಲಿಲ್ಲ. ಪರೀಕ್ಷೆ ಎಷ್ಟು ದಿನ ಎಂದು ಕೇಳಿದರು. ನಾಲ್ಕು ದಿನ ಎಂದೆ. "ನಾಕೇ ದಿನ ತಾನೇ? ತಿರ್ಗಾ ಬತ್ತೀಯ ತಾನೇ?" ಎಂದು ನನ್ನ ಕೈ ಹಿಡಿದುಕೊಂಡು ಮನೆ ತಲುಪುವವರೆಗೂ ಕೇಳುತ್ತಲೇ ಇದ್ದರು.