ನಿಮ್ಮ ಹೆಸರಿನ ನಾತ

ಕ್ರಿ.ಶ. ೨೨೧೯, ಎರಡನೇ ಬೇಸಿಗೆ
ಧಾರವಾಡ

ಪ್ರೊಫೆಸರ್ ರುದ್ರಗೌಡ ಹಂಚಿನಾಳ ಅವರಿಗೆ,

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಮಕ್ಕಳ ಪುಸ್ತಕಗಳಿಂದ ಕಲಿತವಳು. ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ. ನಾನು ಚಾರುಶೀಲೆ, ಇಂದುಮತಿ ಮುದಕವಿಯವರ ಏಳನೆಯ ತಲೆಮಾರಿನವಳು.

ಮಕ್ಕಳನ್ನು ನಗಿಸುತ್ತಲೇ ವಿಜ್ಞಾನ ಕಲಿಸುತ್ತಿದ್ದ ಆ ಲೇಖಕಿಯನ್ನು ನೀವು ಮರೆತಿರಲಾರಿರಿ. ಕರುಳಿನೊಳಗಿನ ಸೂಕ್ಷ್ಮಜೀವಿಗಳನ್ನು ಅವರು ಮದುವೆಮನೆಯ ಬ್ಯಾಂಡಿನವರನ್ನಾಗಿ ಮಾಡಿದ್ದರು. ಹೂಸು ಆ ಬ್ಯಾಂಡಿನ ಕಹಳೆ. ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದ ನೀವು ಅವರನ್ನು ಸಭೆಗೆ ಕರೆಸಿದಿರಿ. ಸನ್ಮಾನವಿರಬೇಕೆಂದುಕೊಂಡು ಅವರು ಮಗಳು ನೇತ್ರಾಳಿಗೆ ಹೊಸ ಲಂಗ ತೊಡಿಸಿ ಕರೆತಂದರು. ನೀವು ಆ ಪುಟವನ್ನು ಮೂಗು ಹಿಡಿದುಕೊಂಡು ಓದಿದಿರಿ. ಸಭೆ ಬಿದ್ದು ಬಿದ್ದು ನಕ್ಕಿತು.

"ಮಗಳಿಗೆ ಹೇಲು-ಹೂಸು ಬಿಟ್ಟು ಬ್ಯಾರೆ ಏನೂ ಕಲಿಸಿಲ್ಲೇನ್ರಿ ಬಾಯಾರ?" ಎಂದು ಕೇಳಿದಿರಿ.

ಅವರ ಪುಸ್ತಕಗಳು ಶಾಲೆಗಳಿಂದ ರದ್ದಿಗೆ ಹೋದವು. ಅವರು ಮತ್ತೆ ಬರೆಯಲಿಲ್ಲ. ಎರಡು ವರ್ಷದ ಮೇಲೆ ನಿಮ್ಮ ಪುಸ್ತಕ ಬಂತು: ಅದೇ ಕರುಳು, ಅದೇ ಬ್ಯಾಂಡು, ಅದೇ ಕಹಳೆ. ಅದನ್ನು ಓದಿ ನೇತ್ರಾ ಅತ್ತಾಗ ತಾಯಿ, "ಹೋಗ್ಲಿ ಬಿಡವಾ, ಹುಡುಗ್ರು ನಗ್ತಾವಲ್ಲ, ಅಷ್ಟ ಸಾಕು" ಎಂದರಂತೆ. ನೇತ್ರಾಳಿಗೆ ಅದು ಸಾಕಾಗಲಿಲ್ಲ. ಅವಳ ಮಗಳಿಗೂ ಸಾಕಾಗಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮೂಗುತಿಯ ಜೊತೆಗೆ, ಮರೆಯಬಾರದೆಂದು, ನಿಮ್ಮ ಹೆಸರನ್ನೂ ಕೊಡುತ್ತಾರೆ.

ನಮ್ಮ ಓಣಿಗೊಂದು ಕೊಳೆಮನೆ ಇದೆ. ಊರಿನ ಮಲ, ಮುಸುರೆ, ಹಳೆಯ ಪ್ಲಾಸ್ಟಿಕ್ಕು ಎಲ್ಲವೂ ಅಲ್ಲಿ ಕೊಳೆತು ಅಡುಗೆಯ ಉರಿಯಾಗುತ್ತದೆ. ಅದನ್ನು ಕೊಳೆಸುವ ಜೀವಿಯನ್ನು ಕಂಡುಹಿಡಿದವಳು ನಾನು. ಬಹಳ ಉಪಕಾರಿ, ಅದರ ನಾತ ಮಾತ್ರ ಹೇಳತೀರದು. ಕಂಡುಹಿಡಿದವರೇ ಹೆಸರಿಡಬೇಕೆಂಬುದು ನಿಯಮ. ನಾನು ಅದಕ್ಕೆ ಹಂಚಿನಾಳ ಎಂದು ಹೆಸರಿಟ್ಟೆ. ಈಗ ಕಾರವಾರದಿಂದ ಬೀದರಿನವರೆಗೆ ಯಾವ ತರಗತಿಯಲ್ಲಿ ಕೆಟ್ಟ ವಾಸನೆ ಬಂದರೂ ಮಕ್ಕಳು ಮೂಗು ಹಿಡಿದು, "ಯಾರಲೇ ಹಂಚಿನಾಳ ಬಿಟ್ಟಾಂವ?" ಎಂದು ಕೂಗುತ್ತಾರೆ.

ಇದನ್ನು ನಿಮಗೆ ತಿಳಿಸುವುದು ಸುಲಭವಾಗಿರಲಿಲ್ಲ. ಕಳೆದ ಕಾಲಕ್ಕೆ ಕಾಗದ ಮುಟ್ಟಿಸುವ ಹಿಂದಂಚೆಯಲ್ಲಿ ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ನನ್ನ ಅವ್ವ ಕೈ ಹಿಡಿದುಕೊಂಡು ಬೇಡಿದಳು: "ಆ ತಾಯಿಗೆ ಬರಿಯವಾ. ನಿನ್ನ ಪುಸ್ತಕ ಇನ್ನೂ ಓದ್ತೇವಿ ಅಂತ ಒಂದ್ ಮಾತು ತಿಳಸು. ಜೀವಕ್ಕ ತಂಪಾದೀತು." ನೀವು ಇದನ್ನು ಓದುವ ಕಾಲದಲ್ಲಿ ಇಂದುಮತಿಯವರು ನಿಮ್ಮ ಮನೆಯಿಂದ ಎರಡು ಓಣಿ ಆಚೆ ಇನ್ನೂ ಬದುಕಿದ್ದಾರೆ. ನಾನು ಅವರ ಹೆಸರು ಬರೆದು ಹೊಡೆದುಹಾಕಿದೆ. ಬಳಿಕ ನಿಮ್ಮ ಹೆಸರು ಬರೆದೆ. ಅವ್ವ ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಈ ಕಾಗದ, ನಿಮ್ಮ ಆ ಪುಸ್ತಕಕ್ಕೆ ಪ್ರಶಸ್ತಿ ಬರುವ ದಿನ ಬೆಳಿಗ್ಗೆ ತಲುಪುತ್ತದೆ. ಸಂಜೆ ವೇದಿಕೆಯ ಮೇಲೆ ನಿಮ್ಮ ಹೆಸರನ್ನು ಕೂಗುತ್ತಾರೆ. ಕಿವಿಗೊಟ್ಟು ಕೇಳಿ. ನಮ್ಮ ಮಕ್ಕಳು ಇದಕ್ಕಿಂತ ಜೋರಾಗಿ ಕೂಗುತ್ತಾರೆ.

ಚಾರುಶೀಲೆ ಮುದಕವಿ